ಹಳೆಯ ಊರಿನ ರಸ್ತೆಯನ್ನು ಅಗಲ ಮಾಡಬೇಡಿ

ಪ್ರವಾಸಿಗರು ಮುಗಿಬೀಳುವ ಹಳೆಯ ಹಳ್ಳಿಗಳಲ್ಲಿ ರಸ್ತೆ ಸುರಕ್ಷತೆಯ ಸಭೆ ಸೇರಿದರೆ ಮೊದಲು ಬರುವ ಬೇಡಿಕೆ ಹೆಚ್ಚುಕಡಿಮೆ ಒಂದೇ: ‘ರಸ್ತೆ ಕಿರಿದು, ಅಗಲ ಮಾಡಿಕೊಡಿ.’ ಎರಡನೆಯದು, ‘ತಿರುವಿನಲ್ಲಿ ಮುಂದೇನೂ ಕಾಣುವುದಿಲ್ಲ, ಆ ಗೋಡೆ ತೆಗೆಸಿ.’ ಮೂರನೆಯದು, ‘ಇನ್ನೊಂದು ಬೋರ್ಡು ಹಾಕಿಸಿ.’ ಹೀಗೆ ಕೇಳುವವರು ಮಕ್ಕಳನ್ನೂ ವಯಸ್ಸಾದವರನ್ನೂ ದಿನವೂ ಆ ರಸ್ತೆಗೆ ಕಳಿಸಿ, ಅವರು ಮರಳಿ ಬರುವತನಕ ಜೀವ ಕೈಯಲ್ಲಿ ಹಿಡಿದು ಕಾಯುವವರು. ಅವರ ಭಯ ನಿಜವಾದದ್ದು. ಆದರೂ ರಸ್ತೆ ಸುರಕ್ಷತೆಯ ಎಂಜಿನಿಯರಾಗಿ ನಾನು ಹೇಳಲೇಬೇಕು: ಮೊದಲ ಎರಡು ಬೇಡಿಕೆ ಈಡೇರಿದರೆ ಅಪಾಯ ಹೆಚ್ಚುತ್ತದೆ, ಮೂರನೆಯದರಿಂದ ಸಿಗುವ ಲಾಭ ತೀರ ಕಡಿಮೆ.

ಚಾಲಕ ತನ್ನ ವೇಗವನ್ನು ಬಹುಪಾಲು ಕಣ್ಣಿಗೆ ಕಾಣುವ ರಸ್ತೆಯಿಂದಲೇ ನಿರ್ಧರಿಸುತ್ತಾನೆ. ರಸ್ತೆ ಅಗಲವಾಗಿದ್ದು ಬಹುದೂರದವರೆಗೆ ಕಾಣುತ್ತಿದ್ದರೆ ಅವನಿಗೇ ಅರಿವಿಲ್ಲದಂತೆ ಕಾಲು ಆಕ್ಸಿಲರೇಟರಿನ ಮೇಲೆ ಊರುತ್ತದೆ. ಎರಡೂ ಬದಿಯ ಮನೆಗಳು ಹತ್ತಿರ ಬಂದು, ಮುಂದಿನ ತಿರುವಿನಾಚೆ ಏನಿದೆಯೋ ತಿಳಿಯದಂತಿದ್ದರೆ ಕಾಲು ತಾನಾಗಿ ಸಡಿಲವಾಗುತ್ತದೆ. ಬ್ರಿಟನ್ನಿನಲ್ಲಿ 2007ರಲ್ಲಿ ಬಂದ ಬೀದಿ ವಿನ್ಯಾಸದ ಮಾರ್ಗಸೂಚಿಗೆ ಆಧಾರವಾದ ಅಧ್ಯಯನವೂ ಇದನ್ನೇ ಕಂಡಿತು: ರಸ್ತೆಯ ಅಗಲ, ಮುಂದೆ ಕಾಣುವ ದೂರ, ಇವೆರಡೂ ಕಡಿಮೆಯಾದಲ್ಲಿ ವಾಹನಗಳ ವೇಗವೂ ಕಡಿಮೆ. ಹಾಗಾಗಿ ಹಳೆಯ ಊರಿನ ಇಕ್ಕಟ್ಟು, ವಕ್ರ ಗೋಡೆ, ಬೀದಿಗೆ ಚಾಚಿದ ಜಗಲಿ ಇವೆಲ್ಲ ಹಣ ಕೊಡದೆ ಸಿಕ್ಕಿರುವ ವೇಗ ನಿಯಂತ್ರಕಗಳು. ಅವನ್ನು ಒಡೆದು, ಆಮೇಲೆ ವೇಗ ತಗ್ಗಿಸಲು ಉಬ್ಬು ಕಟ್ಟುವುದು ಎರಡು ಸಲ ಖರ್ಚು ಮಾಡಿ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬಂದಂತೆ. ಅಡ್ಡರಸ್ತೆಯಿಂದ ಹೊರಬರುವಲ್ಲಿ ಬೇಲಿ ಬೆಳೆದು ಎದುರು ಗಾಡಿಯೇ ಕಾಣದಂತಿದ್ದರೆ ಆ ಮಾತು ಬೇರೆ. ಅಲ್ಲಿ ಬೇಲಿ ಕತ್ತರಿಸಿದರೆ ಸಾಕು, ಕಟ್ಟಡ ಮುಟ್ಟಬೇಕಿಲ್ಲ. ತಿರುವಿನಾಚೆ ಕಾಣಲೆಂದು ಉಬ್ಬು ಕನ್ನಡಿ ಹಾಕಿಸುವ ಮುಂಚೆಯೂ ಯೋಚಿಸಿ. ಅದರಲ್ಲಿ ಬರುವ ವಾಹನ ಇರುವುದಕ್ಕಿಂತ ದೂರದಲ್ಲಿರುವಂತೆ ಕಾಣುತ್ತದೆ, ವೇಗವನ್ನಂತೂ ಸರಿಯಾಗಿ ಅಂದಾಜು ಮಾಡಲಾಗುವುದಿಲ್ಲ.

ಇಷ್ಟಕ್ಕೂ ವೇಗದ ಬಗ್ಗೆ ಇಷ್ಟೊಂದು ಹಟ ಏಕೆ? ಒಂದು ಲೆಕ್ಕ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಡ್ಡ ಬಂದ ಮಗುವನ್ನು ಕಂಡು ಬ್ರೇಕಿಗೆ ಕಾಲಿಡಲು ಚಾಲಕನಿಗೆ ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳಿ, ಆ ಹೊತ್ತಿಗೆ 14 ಮೀಟರ್ ಕಳೆದಿರುತ್ತದೆ. ಒಣಗಿದ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ ನಿಲ್ಲಲು ಇನ್ನೊಂದು 14 ಮೀಟರ್ ಬೇಕು. ಅದೇ ವಾಹನ 30 ಕಿ.ಮೀ. ವೇಗದಲ್ಲಿದ್ದರೆ ಮಗುವನ್ನು ಕಂಡದ್ದು, ಬ್ರೇಕ್ ಹಾಕಿದ್ದು, ಪೂರ್ತಿ ನಿಂತದ್ದು ಎಲ್ಲ ಸೇರಿ ಸುಮಾರು 13 ಮೀಟರ್. ಎಂದರೆ ನಿಧಾನದ ವಾಹನ ಪೂರ್ತಿ ನಿಂತುಬಿಟ್ಟ ಜಾಗದಲ್ಲಿ ಮತ್ತೊಂದು ವಾಹನ ಇನ್ನೂ 50ರ ವೇಗದಲ್ಲೇ ಇರುತ್ತದೆ, ಬ್ರೇಕೇ ಬಿದ್ದಿರುವುದಿಲ್ಲ. ಡಿಕ್ಕಿಯ ಶಕ್ತಿಯಾದರೂ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 30ಕ್ಕೆ ಹೋಲಿಸಿದರೆ 50ರಲ್ಲಿ ಅದು ಸುಮಾರು 2.8 ಪಟ್ಟು. ಜಗಲಿಯಿಂದ ಇಳಿದ ಹೆಜ್ಜೆ ನೇರ ರಸ್ತೆಗೇ ಬೀಳುವ ಊರಿನಲ್ಲಿ ಈ 13 ಮೀಟರ್ ಒಂದು ಜೀವದ ಪ್ರಶ್ನೆ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಜಾಗತಿಕ ಸಚಿವರ ಸಮ್ಮೇಳನ, ನಡೆಯುವವರೂ ಸೈಕಲ್ಲಿನವರೂ ವಾಹನಗಳೂ ಕೂಡಿ ಓಡಾಡುವ ಕಡೆ 30 ಕಿ.ಮೀ. ಮಿತಿ ಇರಬೇಕೆಂದು ಕರೆ ಕೊಟ್ಟದ್ದು ಇಂಥ ಲೆಕ್ಕಗಳ ಬಲದಿಂದಲೇ.

30ರ ಬೋರ್ಡು ನೆಟ್ಟರೆ ಸಾಕೇ? ಬ್ರಿಟನ್ ಸರ್ಕಾರ ಮಾಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಬೋರ್ಡು ಹಾಕಿ ಗಂಟೆಗೆ 20 ಮೈಲಿ (ಸುಮಾರು 32 ಕಿ.ಮೀ.) ಮಿತಿ ತಂದ ವಸತಿ ಬೀದಿಗಳಲ್ಲಿ ವೇಗ ಇಳಿದದ್ದು 0.7 ಮೈಲಿ, ಅಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ವೇಲ್ಸ್ 2023ರ ಸೆಪ್ಟೆಂಬರ್ 17ರಿಂದ ಜನವಸತಿಯ ರಸ್ತೆಗಳ ಸಾಮಾನ್ಯ ಮಿತಿಯನ್ನೇ 30 ಮೈಲಿಯಿಂದ 20ಕ್ಕೆ ಇಳಿಸಿದಾಗ ಇಳಿಕೆ ಇದಕ್ಕಿಂತ ಸ್ಪಷ್ಟವಾಗಿತ್ತು. ದೇಶಕ್ಕೆಲ್ಲ ಒಂದೇ ನಿಯಮವಾದರೆ ಚಾಲಕನ ರೂಢಿ ಬದಲಾಗುತ್ತದೆ. ಒಂಟಿ ಹಳ್ಳಿಯೊಂದು ತನ್ನ ಪಾಡಿಗೆ ಬೋರ್ಡು ಹಾಕಿಕೊಂಡರೆ, ಅದನ್ನು ರಸ್ತೆಯ ರೂಪವೂ ಬೆಂಬಲಿಸಬೇಕು.

ಆ ಕೆಲಸ ಊರಬಾಗಿಲಿನಿಂದ ಶುರುವಾಗಲಿ. ಹೆದ್ದಾರಿಯ ವೇಗದಲ್ಲಿ ಬರುವವನಿಗೆ ‘ಇಲ್ಲಿಂದ ಮುಂದೆ ಊರು’ ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ಎರಡೂ ಬದಿ ಮರ ಅಥವಾ ತಗ್ಗು ಕಲ್ಲುಗೋಡೆ, ಕಿರಿದಾಗುವ ದಾರಿ, ಬದಲಾಗುವ ನೆಲಹಾಸು, ಅಲ್ಲೇ ವೇಗಮಿತಿ. ಬಾಗಿಲು ಮನೆಗಳು ಶುರುವಾಗುವ ಜಾಗದಲ್ಲೇ ಇರಬೇಕು. ಅರ್ಧ ಕಿಲೋಮೀಟರ್ ಮೊದಲೇ ಹೊಲದ ನಡುವೆ ನಿಲ್ಲಿಸಿದರೆ ಚಾಲಕ ಅದನ್ನು ನಂಬುವುದಿಲ್ಲ. ಬಾಗಿಲೊಂದೇ ಇದ್ದರೂ ಪ್ರಯೋಜನ ಕಡಿಮೆ, ಕೆಲವು ನೂರು ಮೀಟರ್ ಕಳೆಯುವಷ್ಟರಲ್ಲಿ ಹಳೆಯ ವೇಗ ಮರಳುತ್ತದೆ. ಹಾಗಾಗಿ ಒಳಗೂ ಅದೇ ಸೂಚನೆ ಮುಂದುವರಿಯಬೇಕು: ನಡುಗೆರೆ ಅಳಿಸುವುದು, ಕೂಡುರಸ್ತೆಯಲ್ಲಿ ನೆಲವನ್ನು ತುಸು ಎತ್ತರಿಸುವುದು, ಒಂದು ವಾಹನ ಮಾತ್ರ ದಾಟುವಷ್ಟು ಕಿರಿದಾದ ಕಡೆ ಅದನ್ನು ಹಾಗೆಯೇ ಬಿಟ್ಟು ಯಾರು ಕಾಯಬೇಕೆಂದು ಮಾತ್ರ ತಿಳಿಸುವುದು. ನಡುಗೆರೆ ಅಳಿಸುವುದು ಅತಿ ಅಗ್ಗದ ಉಪಾಯ. ಗೆರೆ ಇದ್ದಾಗ ‘ಇದು ನನ್ನ ಪಾಲು’ ಎಂದು ಸಾಗುವ ಚಾಲಕ, ಇಲ್ಲದಾಗ ಎದುರಿನವನನ್ನು ನೋಡಿ ನಿಧಾನಿಸುತ್ತಾನೆ.

ಈ ವಿಚಾರವನ್ನು ತೀರ ದೂರಕ್ಕೆ ಒಯ್ದವರು ನೆದರ್ಲೆಂಡ್ಸ್‌ನ ಸಂಚಾರ ಎಂಜಿನಿಯರ್ ಹಾನ್ಸ್ ಮೊಂಡರ್‌ಮನ್. ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹಳ್ಳಿಗಳಲ್ಲಿ ಅವರು ಗೆರೆ, ಫಲಕ, ಕಾಲುದಾರಿಯನ್ನು ರಸ್ತೆಯಿಂದ ಬೇರ್ಪಡಿಸುವ ಅಂಚುಗಲ್ಲು ಎಲ್ಲವನ್ನೂ ತೆಗೆಸುತ್ತ ಬಂದರು. ಮಕ್ಕಿಂಗಾ ಎಂಬ ಊರಿನ ಪ್ರವೇಶದಲ್ಲಿ ಇರುವ ಫಲಕವೇ ‘ಸಂಚಾರ ಫಲಕಗಳಿಲ್ಲದ ಊರು’ ಎನ್ನುತ್ತದೆ. ಹಳೆಯ ಊರುಗಳ ಅಂದಕ್ಕೆ ಇದು ಹೇಳಿ ಮಾಡಿಸಿದಂತೆ ಕಾಣುವುದರಿಂದ ಅನೇಕರು ಇದನ್ನು ಹಾಗೆಯೇ ಎತ್ತಿಕೊಳ್ಳುತ್ತಾರೆ. ನನಗೆ ಇದರಲ್ಲಿ ಒಂದು ಗಟ್ಟಿ ತಕರಾರಿದೆ. ಚಾಲಕ ಮತ್ತು ಪಾದಚಾರಿ ಒಬ್ಬರ ಕಣ್ಣನ್ನು ಒಬ್ಬರು ನೋಡಿ ದಾರಿ ಬಿಡಬೇಕೆಂಬುದು ಈ ವ್ಯವಸ್ಥೆಯ ಜೀವಾಳ, ಕಣ್ಣು ಕಾಣದವರು ಏನು ಮಾಡಬೇಕು? ಬಿಳಿಕೋಲು ಹಿಡಿದವರಿಗೆ ಅಂಚುಗಲ್ಲೇ ದಿಕ್ಕು. ಬ್ರಿಟನ್ನಿನಲ್ಲಿ ಅಂಧರ ಸಂಘಟನೆಗಳು ವರ್ಷಗಟ್ಟಲೆ ವಿರೋಧಿಸಿದ ಮೇಲೆ, 2018ರಲ್ಲಿ ಅಲ್ಲಿನ ಸರ್ಕಾರ ಅಂಚುಗಲ್ಲಿಲ್ಲದೆ ರಸ್ತೆ, ಕಾಲುದಾರಿ ಎರಡೂ ಒಂದೇ ಮಟ್ಟದಲ್ಲಿರುವ ಇಂಥ ಹೊಸ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಸಂಸ್ಥೆಗಳಿಗೆ ಹೇಳಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಯೋಗದಲ್ಲಿ 60 ಮಿ.ಮೀ. ಎತ್ತರದ ಅಂಚನ್ನು ಕಣ್ಣು ಕಾಣದವರು ಖಚಿತವಾಗಿ ಗುರುತಿಸಬಲ್ಲರೆಂದು ಕಂಡುಬಂತು. ಆದ್ದರಿಂದ ಫಲಕ ಕಡಿಮೆ ಮಾಡಿ, ಗೆರೆ ಅಳಿಸಿ, ಅಂಚುಗಲ್ಲನ್ನು ಮಾತ್ರ ಉಳಿಸಿ.

ಉಬ್ಬುಗಳ ಬಗ್ಗೆ ಒಂದೆರಡು ಮಾತು. ಅವು ವೇಗ ತಗ್ಗಿಸುತ್ತವೆ, ಸಂದೇಹವಿಲ್ಲ. ಆದರೆ ಖಾಲಿ ಲಾರಿಯೊಂದು ರಾತ್ರಿ ಹೊತ್ತು ಹಾರಿ ಹೋದರೆ, ರಸ್ತೆಗೆ ಅಂಟಿಕೊಂಡ ಹಳೆಯ ಮನೆಯಲ್ಲಿ ಮಲಗಿದವರು ಎದ್ದು ಕೂರುತ್ತಾರೆ. ಆಂಬುಲೆನ್ಸಿನ ರೋಗಿಗೂ ಕಷ್ಟ. ಕಲ್ಲುಹಾಸು ನೋಡಲು ಚೆಂದ, ಆದರೆ ಸದ್ದು ಹೆಚ್ಚು. ನಯವಾಗಿ ಸವೆದ ಕಲ್ಲು ಮಳೆಯಲ್ಲಿ ಸೈಕಲ್ಲಿಗೂ ಬೈಕಿಗೂ ಜಾರುತ್ತದೆ, ಗಾಲಿಕುರ್ಚಿಯವರಿಗೆ ಅದು ಶಿಕ್ಷೆ. ಬಣ್ಣದ ವಿಷಯಕ್ಕೆ ಬಂದರೆ, ಸ್ಮಾರಕದ ಎದುರು ಕಣ್ಣು ಕುಕ್ಕುವ ಹಳದಿ ಬಳಿಯಲೇಬೇಕೆಂದಿಲ್ಲ. ಬ್ರಿಟನ್ನಿನ ಪಾರಂಪರಿಕ ಪ್ರದೇಶಗಳಲ್ಲಿ ‘ವಾಹನ ನಿಲ್ಲಿಸಬೇಡಿ’ ಎನ್ನುವ ಹಳದಿ ಗೆರೆಯನ್ನು 50 ಮಿ.ಮೀ. ಅಗಲಕ್ಕೆ ಇಳಿಸಿ, ಮಾಸಲು ಹಳದಿಯಲ್ಲಿ ಎಳೆಯಲು ಅವಕಾಶವಿದೆ.

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟೊಂದು ವಾಹನ ಊರೊಳಗೆ ಬರಲೇಬೇಕೇ? ಹೆಚ್ಚಿನ ಒತ್ತು ನಾನು ಕೊಡುವುದು ಇಲ್ಲಿಗೆ.

ಪ್ರವಾಸಿಗನ ನಡೆ ಊರಿನವರ ನಡೆಯಂತಲ್ಲ. ಅವನ ಕಣ್ಣು ಗೋಪುರದ ಮೇಲೆ, ಕೆತ್ತನೆಯ ಮೇಲೆ, ಮೊಬೈಲಿನ ಪರದೆಯ ಮೇಲೆ ಇರುತ್ತದೆ. ಇಡೀ ಕಟ್ಟಡ ಫೋಟೋದಲ್ಲಿ ಬರಲೆಂದು ಹಿಂದೆ ಹಿಂದೆ ಹೆಜ್ಜೆ ಇಡುತ್ತ ನಡುರಸ್ತೆಗೆ ಬರುತ್ತಾನೆ. ಗುಂಪಿನಲ್ಲಿ ಒಬ್ಬ ದಾಟಿದರೆ ಉಳಿದವರು ನೋಡದೆ ಹಿಂಬಾಲಿಸುತ್ತಾರೆ. ರಜೆಗೆಂದು ಬಂದವರು ಹೀಗೆ ಇರುವುದು ಸಹಜ, ಅದಕ್ಕಾಗಿ ಅವರನ್ನು ಬಯ್ಯುವ ಬದಲು ಅದನ್ನು ಎಣಿಸಿಯೇ ಬೀದಿ ರೂಪಿಸಬೇಕು. ಇನ್ನು ವಾಹನದೊಳಗಿರುವ ಪ್ರವಾಸಿ ಪಾರ್ಕಿಂಗ್ ಹುಡುಕುತ್ತ ಸುತ್ತುತ್ತಾನೆ, ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆಯುತ್ತಾನೆ. ದೊಡ್ಡ ವಾಹನ ಹಿಂದಕ್ಕೆ ಬರುವಾಗ ಚಾಲಕನಿಗೆ ಕಾಣದ ಜಾಗ ಬಹಳ, ಅಲ್ಲೊಂದು ಮಗು ಇರಬಹುದು.

ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಡೆವನ್‌ನಲ್ಲಿರುವ ಕ್ಲವೆಲಿ ಎಂಬ ಕಡಿದಾದ ಮೀನುಗಾರರ ಹಳ್ಳಿಗೆ ಹೋಗುವವರು ಮೇಲಿನ ಪಾರ್ಕಿಂಗ್‌ನಲ್ಲೇ ವಾಹನ ಬಿಟ್ಟು ಇಳಿದು ನಡೆಯುತ್ತಾರೆ, ಸರಂಜಾಮನ್ನು ಊರಿನವರು ಇಂದಿಗೂ ಚಕ್ರವಿಲ್ಲದ ಜಾರುಗಾಡಿಯಲ್ಲಿ ಎಳೆದೊಯ್ಯುತ್ತಾರೆ. ಫ್ರಾನ್ಸಿನ ಮೋಂ ಸೇಂ ಮಿಶೆಲ್‌ನಲ್ಲಿ ದ್ವೀಪದ ಬುಡದಲ್ಲಿದ್ದ ಪಾರ್ಕಿಂಗನ್ನು 2012ರಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ದೂರದ ದಡಕ್ಕೆ ಸರಿಸಿ, ಅಲ್ಲಿಂದ ಸಣ್ಣ ಬಸ್ಸುಗಳನ್ನು ಬಿಟ್ಟರು. ಸ್ವಿಟ್ಜರ್ಲೆಂಡಿನ ಝರ್ಮಾಟ್‌ಗೆ ಹೋಗುವವರು ಐದು ಕಿಲೋಮೀಟರ್ ಮೊದಲೇ ಟೇಶ್‌ನಲ್ಲಿ ಕಾರು ಬಿಟ್ಟು ರೈಲು ಹತ್ತುತ್ತಾರೆ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಪುಟ್ಟ ಊರು, ಪ್ರವಾಸಿ ಬಸ್ಸುಗಳು ಮೊದಲೇ ಸಮಯ ಕಾದಿರಿಸಿಕೊಂಡು ಬರಬೇಕೆಂಬ ಪದ್ಧತಿಯನ್ನು 2020ರಲ್ಲಿ ತಂದಿತು.

ಇವನ್ನು ನಕಲು ಮಾಡಹೊರಟವರು ಸಾಮಾನ್ಯವಾಗಿ ಎಡವುವುದು ಪಾರ್ಕಿಂಗ್‌ನಿಂದ ಊರಿನವರೆಗಿನ ನಡಿಗೆಯಲ್ಲಿ. ಊರ ಹೊರಗೆ ಮೈದಾನ ಸಮತಟ್ಟು ಮಾಡಿ, ಅಲ್ಲಿಂದ ಊರಿಗೆ ಕಾಲುದಾರಿಯೇ ಇಲ್ಲದೆ, ವಾಹನಗಳು ಇನ್ನೂ ವೇಗವಾಗಿ ಬರುವ ರಸ್ತೆಯ ಅಂಚಿನಲ್ಲಿ ಜನರನ್ನು ನಡೆಸಿದರೆ, ಒಳಗಿನ ಅಪಾಯವನ್ನು ಹೊರಗೆ ಸಾಗಿಸಿದಂತಾಯಿತು ಅಷ್ಟೇ. ಮೊದಲು ಕಾಲುದಾರಿ, ಆಮೇಲೆ ಪಾರ್ಕಿಂಗ್. ದಾರಿ ರಸ್ತೆಯಿಂದ ಬೇರೆಯಾಗಿರಲಿ, ಗಾಲಿಕುರ್ಚಿಗೂ ಮಗುವಿನ ತಳ್ಳುಗಾಡಿಗೂ ಒಗ್ಗಲಿ, ಕತ್ತಲಲ್ಲಿ ಬೆಳಕಿರಲಿ. ಸಾಧ್ಯವಾದರೆ ಪಾರ್ಕಿಂಗ್ ಮತ್ತು ಸ್ಮಾರಕ ಎರಡೂ ಮುಖ್ಯ ರಸ್ತೆಯ ಒಂದೇ ಬದಿಗಿರುವಂತೆ ಜಾಗ ಆರಿಸಿ, ಆಗ ದಾಟುವ ಪ್ರಶ್ನೆಯೇ ಬರುವುದಿಲ್ಲ. ದಾಟಲೇಬೇಕಾದರೆ ಜನ ಈಗಾಗಲೇ ಎಲ್ಲಿ ದಾಟುತ್ತಿದ್ದಾರೋ ಅಲ್ಲೇ ದಾಟುದಾರಿ ಮಾಡಿ. ನಕ್ಷೆಗೆ ಅನುಕೂಲವೆಂದು ಐವತ್ತು ಮೀಟರ್ ಆಚೆ ಮಾಡಿದ್ದನ್ನು ಯಾರೂ ಬಳಸುವುದಿಲ್ಲ. ಬಸ್ಸುಗಳು ಹಿಂದಕ್ಕೆ ಬಾರದೆ ಸುತ್ತು ಹಾಕಿ ಹೊರಡುವಂತಿರಬೇಕು, ಬಾಗಿಲು ತೆರೆಯುವ ಬದಿ ಕಾಲುದಾರಿಯ ಕಡೆಗಿರಬೇಕು.

ಊರಿನವರ ಪಾಲೂ ಇದೆ. ಅಂಗಡಿಯವರು ವ್ಯಾಪಾರ ಹೋದೀತೆಂದು ಹೆದರುವುದು ಸಹಜ, ಹಾಗಾಗಿ ಸರಕಿನ ಗಾಡಿಗಳಿಗೆ ಬೆಳಗಿನ ಹೊತ್ತು ಬಿಟ್ಟುಕೊಡಿ. ರೈತರ ಟ್ರ್ಯಾಕ್ಟರ್, ಕಟಾವು ಯಂತ್ರ, ಅಗ್ನಿಶಾಮಕ ವಾಹನ ಇವು ಎಲ್ಲೆಲ್ಲಿ ಹಾಯುತ್ತವೆಂದು ಅಳತೆ ಹಿಡಿದು ನೋಡದೆ ಕುಂಡವನ್ನೋ ಕಂಬವನ್ನೋ ಇಟ್ಟರೆ ಸುಗ್ಗಿ ಶುರುವಾದ ವಾರವೇ ಅದನ್ನು ಕೀಳಬೇಕಾಗುತ್ತದೆ. ಇನ್ನೊಂದು ಮಾತನ್ನು ಸಭೆಗಳಲ್ಲಿ ಹೇಳುವುದು ಕಷ್ಟ, ಆದರೂ ಹೇಳಬೇಕು. ಬೀದಿ ಖಾಲಿಯಿದ್ದಾಗ ಅತಿ ವೇಗವಾಗಿ ಓಡಿಸುವವರಲ್ಲಿ ಅದೇ ಊರಿನವರೂ ಇರುತ್ತಾರೆ. ದಾರಿ ಪರಿಚಿತವೆಂಬುದೇ ಅವರ ಧೈರ್ಯ.

ಇದರಿಂದ ಅಳತೆಯ ವಿಷಯಕ್ಕೆ ಬರುತ್ತೇನೆ. ಸಣ್ಣ ಊರು ಅರ್ಜಿ ಕೊಟ್ಟಾಗ ‘ನಿಮ್ಮಲ್ಲಿ ಅಪಘಾತದ ದಾಖಲೆಯೇ ಇಲ್ಲವಲ್ಲ’ ಎಂಬ ಉತ್ತರ ಬರುವುದುಂಟು. ಸಣ್ಣ ಜಾಗದಲ್ಲಿ ಅಪಘಾತಗಳ ಸಂಖ್ಯೆ ಸಹಜವಾಗಿಯೇ ಕಡಿಮೆ. ಒಂದು ವರ್ಷ ಸೊನ್ನೆ, ಮರುವರ್ಷ ಎರಡು, ಅದರಿಂದ ಏನನ್ನೂ ಹೇಳಲಾಗದು. ಯಾರಾದರೂ ಸಾಯುವತನಕ ಕಾಯುವುದು ಸುರಕ್ಷತೆಯ ಕೆಲಸವೇ ಅಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟರ್ ಹೈಡೆನ್ ಮತ್ತು ಸಂಗಡಿಗರು ಇದಕ್ಕೆ ದಾರಿ ತೋರಿಸಿದ್ದಾರೆ: ಸ್ವಲ್ಪದರಲ್ಲಿ ತಪ್ಪಿದ ಡಿಕ್ಕಿಗಳನ್ನೇ ಶಿಸ್ತಾಗಿ ದಾಖಲಿಸುವುದು. ಚಾಲಕ ಎಷ್ಟು ವೇಗದಲ್ಲಿದ್ದ, ತಪ್ಪಿಸಿಕೊಳ್ಳಲು ಶುರುಮಾಡಿದಾಗ ಡಿಕ್ಕಿಗೆ ಎಷ್ಟು ಹೊತ್ತು ಉಳಿದಿತ್ತು ಎಂಬುದರ ಮೇಲೆ ಗಂಭೀರತೆ ಅಳೆಯುತ್ತಾರೆ. ತರಬೇತಿ ಪಡೆದ ವೀಕ್ಷಕರು ಕೆಲವು ದಿನ ಕೂತರೆ, ವರ್ಷಗಳ ಅಪಘಾತ ದಾಖಲೆ ಹೇಳದ್ದನ್ನು ಇದು ಹೇಳೀತು.

ವೇಗವನ್ನು ಅಳೆಯುವಾಗ ಸರಾಸರಿಗೆ ತೃಪ್ತರಾಗಬೇಡಿ. ನೂರರಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದನ್ನು ಕೇಳಿ. ಎರಡು ಬೇರೆ ಕಾಲದಲ್ಲಿ ಅಳೆಯಿರಿ. ಪ್ರವಾಸದ ತಿಂಗಳಲ್ಲಿ ದಟ್ಟಣೆಯೇ ವೇಗವನ್ನು ಹಿಡಿದಿಡುತ್ತದೆ, ಸಣ್ಣಪುಟ್ಟ ತಾಗಾಟ ಹೆಚ್ಚು. ಪ್ರವಾಸಿಗರಿಲ್ಲದ ತಿಂಗಳ ಮುಂಜಾವಿನಲ್ಲಿ ರಸ್ತೆ ಖಾಲಿ, ವೇಗ ಹೆಚ್ಚು. ನಡೆದರೆ ಒಂದೇ ಅಪಘಾತ, ಅದೂ ಭೀಕರ. ರಜಾದಿನದ ಅಂಕಿಯನ್ನಷ್ಟೇ ತೋರಿಸಿ ‘ಇಲ್ಲಿ ವೇಗದ ಸಮಸ್ಯೆ ಇಲ್ಲ’ ಎಂದರೆ ಒಪ್ಪಬೇಡಿ.

ಹೊರದೇಶದವರು ಬಾಡಿಗೆ ಕಾರು ತೆಗೆದುಕೊಂಡು ಬರುವ ಊರಾದರೆ ರಸ್ತೆಯ ಯಾವ ಬದಿ ಎಂಬ ಗೊಂದಲವೂ ಸೇರುತ್ತದೆ. ಓಡಿಸುತ್ತಿರುವಾಗಿನದಕ್ಕಿಂತ ಹೆಚ್ಚಾಗಿ, ನಿಲ್ಲಿಸಿ ಇಳಿದು ನೋಡಿ ಮತ್ತೆ ಹೊರಡುವಾಗ ಹಳೆಯ ಅಭ್ಯಾಸ ಮರಳಿ ತಪ್ಪು ಬದಿಗೆ ಎಳೆಯುತ್ತದೆ. ನ್ಯೂಜಿಲೆಂಡ್ ತನ್ನ ದಕ್ಷಿಣ ದ್ವೀಪದಲ್ಲಿ ಪ್ರವಾಸಿ ಚಾಲಕರಿಗಾಗಿಯೇ ಯೋಜನೆ ರೂಪಿಸಿದಾಗ, ಎಡಕ್ಕೆ ಸಾಗಿ ಎಂದು ನೆನಪಿಸುವ ಬಾಣಗಳನ್ನು ರಸ್ತೆಯ ಮೇಲೆ ಬರೆಯುವುದೂ ಅದರ ಭಾಗವಾಗಿತ್ತು. ಪಾರ್ಕಿಂಗ್‌ನ ಹೊರದಾರಿಯಲ್ಲಿ ಒಂದು ಬಾಣ, ಖರ್ಚು ಒಂದು ಡಬ್ಬಿ ಬಣ್ಣ.

ಇಷ್ಟನ್ನೂ ಒಂದೇ ಸಲ ಕಲ್ಲು ಕಾಂಕ್ರೀಟಿನಲ್ಲಿ ಕಟ್ಟಬೇಡಿ. ಇಂಗ್ಲೆಂಡಿನಲ್ಲಿ ಸಂಚಾರ ಬದಲಾವಣೆಯನ್ನು ಪ್ರಾಯೋಗಿಕ ಆದೇಶದ ಮೂಲಕ ಗರಿಷ್ಠ 18 ತಿಂಗಳು ನಡೆಸಿ ನೋಡಬಹುದು, ಮೊದಲ ಆರು ತಿಂಗಳು ಜನ ಆಕ್ಷೇಪಣೆ ಸಲ್ಲಿಸಬಹುದು. ಅಂಥ ಕಾನೂನು ಇಲ್ಲದ ಕಡೆಯೂ ಕ್ರಮ ಇದೇ ಇರಲಿ. ಮರದ ಕುಂಡ, ಬಣ್ಣ, ಸರಿಸಬಹುದಾದ ಕಂಬಗಳಿಂದ ಮೊದಲು ಬೀದಿಯನ್ನು ಕಿರಿದಾಗಿಸಿ, ಒಂದು ಪ್ರವಾಸದ ಹಂಗಾಮು ಮತ್ತು ಒಂದು ಖಾಲಿ ಹಂಗಾಮು ಕಳೆಯಲಿ. ಮೊದಲು ಅಳೆದ ಜಾಗಗಳಲ್ಲೇ ಮತ್ತೆ ಅಳೆಯಿರಿ, ಟ್ರ್ಯಾಕ್ಟರ್ ಓಡಿಸುವವರನ್ನೂ ಬಿಳಿಕೋಲು ಹಿಡಿದವರನ್ನೂ ಕೇಳಿ, ಕೆಲಸಕ್ಕೆ ಬಾರದ್ದನ್ನು ತೆಗೆದುಹಾಕಿ. ಕಲ್ಲು ಕೂರಿಸುವುದು ಅದಾದ ಮೇಲೆ.