ಜಾಲತಾಣ ಕಟ್ಟಿದವರು ದೊಡ್ಡವರೋ, ಬಳಸುವವರೋ?

ಓದುಗರ ಪ್ರಶ್ನೆ: ಫೇಸ್‌ಬುಕ್ ಅಂದ ಕೂಡಲೇ ಝುಕರ್‌ಬರ್ಗ್ ಹೆಸರು ಬರುತ್ತೆ. ಜನ ಬರ್ತಾರೆ, ಹೋಗ್ತಾರೆ. ಕಟ್ಟಿದವರೇ ಮುಖ್ಯ ಅಲ್ವಾ?

ಉತ್ತರ: ಅಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ. ನಾನು ಶಿಡ್ಲಘಟ್ಟದ ಕಡೆಯವನು, ಹಾಗಾಗಿ ರೇಷ್ಮೆಯಿಂದಲೇ ಶುರು ಮಾಡ್ತೀನಿ.

ರೇಷ್ಮೆ ಬೆಳೆಗಾರರ ಒಂದು ಫೇಸ್‌ಬುಕ್ ಗುಂಪಿನಲ್ಲಿ ನಾನಿದ್ದೇನೆ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಹಿಪ್ಪುನೇರಳೆ ಕುಡಿಯ ಫೋಟೋ ಹಾಕಿದ. ತುದಿ ಮುದುರಿಕೊಂಡು ದಪ್ಪಗಾಗಿತ್ತು. ಮನೆಯಲ್ಲಿ ಹುಳು ಮೂರನೇ ಜ್ವರ, ಅಂದ್ರೆ ಮೂರನೇ ಸಲ ಪೊರೆ ಬಿಡೋ ಹಂತ, ಮುಗಿಸಿ ಎದ್ದಿದ್ದವು. ಹುಡುಗನಿಗೆ ಗಾಬರಿ. ಹತ್ತು ನಿಮಿಷದಲ್ಲಿ ವಿಜಯಪುರದ ಕಡೆಯ ಒಬ್ಬರು ಬರೆದರು: "ತಮ್ಮಾ, ಇದು ಟುಕ್ರಾ. ಹಿಟ್ಟು ತಿಗಣೆ ಕಾಟ. ಆ ಕುಡಿ ಕತ್ತರಿಸಿ ಸುಟ್ಟುಬಿಡು." ಅದರ ಕೆಳಗೆ ಚಿಂತಾಮಣಿಯವರೊಬ್ಬರು: "ಔಷಧಿ ಹೊಡೆದ್ರೆ ಆ ಸೊಪ್ಪು ಈ ಬೆಳೆಗೆ ಹಾಕಬೇಡಪ್ಪ, ಹುಳು ಸತ್ತೋಗ್ತವೆ." ಹುಡುಗ ಅಷ್ಟೊತ್ತಿಗೆ ಔಷಧಿ ತರೋಕೆ ಹೊರಟಿದ್ದನಂತೆ. ಆ ಒಂದು ಮಾತು ಬೆಳೆ ಉಳಿಸಿತು. ಫೇಸ್‌ಬುಕ್ ಕಟ್ಟಿದವರಿಗೆ ಟುಕ್ರಾ ಅಂದ್ರೆ ಏನೂಂತ ಗೊತ್ತಿರಬೇಕಾಗಿಲ್ಲ. ಗೊತ್ತಿರೋರು ಅಲ್ಲಿಗೆ ಬರ್ತಾರಲ್ಲ, ಅದೇ ಆ ಜಾಗದ ಬೆಲೆ.

ಇನ್ನೊಂದು ಕಡೆ, ರೈತರಿಗಾಗಿಯೇ ಮಾಡಿದ ಒಂದು ಆ್ಯಪ್‌ನಲ್ಲೂ ನಾನು ಪ್ರಶ್ನೆ ಹಾಕಿದ್ದೆ. ನೋಡೋಕೆ ಬಹಳ ಚೆನ್ನಾಗಿತ್ತು. ನಾಲ್ಕು ದಿನವಾದರೂ ಒಬ್ಬರೂ ಉತ್ತರ ಕೊಡಲಿಲ್ಲ. ಒಳಗೆ ಜನವೇ ಇರಲಿಲ್ಲ.

ಡಿಗ್ ಅನ್ನೋ ತಾಣದ ಕತೆ ಕೇಳಿ. 2004ರಲ್ಲಿ ಶುರುವಾಯಿತು. ಸ್ಥಾಪಕರಲ್ಲಿ ಒಬ್ಬರಾದ ಕೆವಿನ್ ರೋಸ್ ಆಗ ದೊಡ್ಡ ಹೆಸರು. ಬಳಕೆದಾರರೇ ಸುದ್ದಿ ಹುಡುಕಿ ತಂದು ಹಾಕೋದು, ಅವರೇ ವೋಟು ಹಾಕಿ ಮೇಲೆತ್ತೋದು. 2010ರ ಆಗಸ್ಟ್‌ನಲ್ಲಿ ತಾಣವನ್ನು ಪೂರ್ತಿ ಬದಲಾಯಿಸಿದರು. ಸುದ್ದಿ ಸಂಸ್ಥೆಗಳು ತಮ್ಮ ಸುದ್ದಿಯನ್ನು ತಾವೇ ಸುರಿಯೋ ಹಾಗಾಯಿತು. ಇಷ್ಟವಾಗದ ಸುದ್ದಿಯನ್ನು ಕೆಳಗೆ ತಳ್ಳೋ ಗುಂಡಿ ಮಾಯವಾಯಿತು. ಜನ ಸಿಟ್ಟಾದರು. ಎದುರಾಳಿ ರೆಡ್ಡಿಟ್‌ನ ಕೊಂಡಿಗಳನ್ನೇ ತಂದು ಡಿಗ್‌ನ ಮುಖಪುಟ ತುಂಬಿಸಿದರು, ಆಮೇಲೆ ಎಷ್ಟೋ ಜನ ಅಲ್ಲಿಗೇ ಹೊರಟುಹೋದರು. 2012ರಲ್ಲಿ ಡಿಗ್ ಸುಮಾರು 5 ಲಕ್ಷ ಡಾಲರ್‌ಗೆ ಮಾರಾಟವಾಯಿತು ಅಂತ ವರದಿಯಾಯಿತು. ಹಣ ಹೂಡಿದವರು ಅದಕ್ಕಿಂತ ಎಷ್ಟೋ ಪಟ್ಟು ಸುರಿದಿದ್ದರು.

ಆರ್ಕುಟ್ ನಿಮಗೇ ನೆನಪಿರಬಹುದು. ಕಟ್ಟಿದ ಇಂಜಿನಿಯರ್ ಹೆಸರನ್ನೇ ಇಟ್ಟುಕೊಂಡಿತ್ತು, ಹಿಂದೆ ಗೂಗಲ್ ಇತ್ತು. ಗೆಳೆಯರೆಲ್ಲ ಫೇಸ್‌ಬುಕ್‌ಗೆ ಹೋದ ಮೇಲೆ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು.

ಹಾಗಂತ ಸ್ಥಾಪಕರಿಗೆ ಕೆಲಸವೇ ಇಲ್ಲ ಅಂತಲ್ಲ. 2005ರಲ್ಲಿ ರೆಡ್ಡಿಟ್ ಶುರುವಾದಾಗ ಅಲ್ಲಿ ಯಾರೂ ಇರಲಿಲ್ಲ. ಸ್ಥಾಪಕರು ತಾವೇ ಬೇರೆ ಬೇರೆ ಹೆಸರಿನಲ್ಲಿ ಬರೆದು ಜಾಗ ತುಂಬಿಸಿದರು. ಖಾಲಿ ಹೋಟೆಲಿಗೆ ಯಾರೂ ಕಾಲಿಡಲ್ಲವಲ್ಲ. ಬಾಗಿಲು ತೆರೆಯೋದು, ಮೊದಲ ದೀಪ ಹಚ್ಚೋದು ಅವರೇ. ಟ್ವಿಟರ್‌ನ ಹ್ಯಾಶ್‌ಟ್ಯಾಗ್ ಮಾತ್ರ ಅದರ ಸ್ಥಾಪಕರ ತಲೆಯಿಂದ ಬಂದದ್ದಲ್ಲ. 2007ರಲ್ಲಿ ಕ್ರಿಸ್ ಮೆಸ್ಸಿನಾ ಅನ್ನೋ ಬಳಕೆದಾರ ಸೂಚಿಸಿದ್ದು ಅದು.

ನಮ್ಮ ಗುಂಪಿಗೇ ಬರ್ತೀನಿ. ಹೋದ ತಿಂಗಳು ಆ ಚಿಂತಾಮಣಿಯವರು ಮಗಳ ಮದುವೆ ಓಡಾಟದಲ್ಲಿ ಹತ್ತು ದಿನ ಕಾಣಲಿಲ್ಲ. ಪ್ರಶ್ನೆಗಳು ಹಾಗೇ ಉಳಿದವು. "ಅಣ್ಣ ಎಲ್ಲಿ, ಹುಷಾರಾಗಿದ್ದಾರಾ?" ಅಂತ ಮೂರು ಜನ ವಿಚಾರಿಸಿದರು. ಗುಂಪು ಶುರು ಮಾಡಿದವರು ಅದರ ಕಡೆ ತಲೆ ಹಾಕಿ ಎರಡು ವರ್ಷವಾಗಿದೆ. ಅವರನ್ನು ಇವತ್ತಿನ ತನಕ ಯಾರೂ ಕೇಳಿಲ್ಲ.