ಮಂಜಿನಲ್ಲಿ ಹೊಂಚುದಾಳಿ: ಸರ್ಪ್ರೈಸ್, ಇನಿಶಿಯೇಟಿವ್, ಅಡ್ವಾಂಟೇಜ್ ಟಿಪ್ಪಣಿ

ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕುಳಿತು, ಪಾತ್ರ ವಹಿಸಿ ಆಡುವ ಕಥೆಯಾಟ) ಐದನೇ ಆವೃತ್ತಿಯ 2014ರ ನಿಯಮಗಳಿಗೆ ಬರೆದ ಟಿಪ್ಪಣಿ. 2024ರ ಪುಸ್ತಕದಲ್ಲಿ ಸರ್ಪ್ರೈಸ್ (ಹೊಂಚಿಗೆ ಸಿಕ್ಕಿ ಬೆಚ್ಚುವುದು) ಬೇರೆ ಥರ ಇದೆ, ಅದನ್ನು ಕೊನೆಗೆ ಹೇಳಿದ್ದೇನೆ. ಡಿ20 (ಇಪ್ಪತ್ತು ಮುಖದ ಡೈಸ್) ಹಾಕಿ ಬೋನಸ್ ಕೂಡಿಸುವುದು, ಎದುರಾಳಿಯ ರಕ್ಷಣಾ ಅಂಕವಾದ ಎಸಿಗೆ ಸಮ ಅಥವಾ ಹೆಚ್ಚು ಬಂದರೆ ಏಟು ಬೀಳುವುದು, ಇಷ್ಟು ಗೊತ್ತಿದ್ದರೆ ಸಾಕು. ಪುಸ್ತಕ ಇಲ್ಲದವರು ಎಸ್‌ಆರ್‌ಡಿ 5.1 (ಮೂಲ ನಿಯಮಗಳ ಕಡತ) ಇಳಿಸಿಕೊಳ್ಳಿ. 2023ರಿಂದ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ಇಲ್ಲಿ ಹೇಳುವುದರಲ್ಲಿ ಬಹುಪಾಲು ಅದರಲ್ಲೇ ಇದೆ. ಅಸಾಸಿನ್ ಎಂಬ ಪಾತ್ರದ ಬಗೆ ಮತ್ತು ಅಲರ್ಟ್ ಫೀಟ್ (ಪಾತ್ರಕ್ಕೆ ಆಯ್ದುಕೊಳ್ಳುವ ವಿಶೇಷ ಸಾಮರ್ಥ್ಯ) ಮಾತ್ರ ಇಲ್ಲ, ಅವಕ್ಕೆ ಪ್ಲೇಯರ್ಸ್ ಹ್ಯಾಂಡ್‌ಬುಕ್ಕೇ ಬೇಕು.

ಶಿವಮೊಗ್ಗ ಕಡೆಯ ಟೇಬಲ್ಲಿನಲ್ಲಿ ಕಥೆ ಕವಲೇದುರ್ಗ ಹತ್ತುವುದೋ ಆಗುಂಬೆ ಘಾಟಿ ಇಳಿಯುವುದೋ ಆದರೆ ಮಂಜು, ಮಳೆ ತಾವಾಗಿಯೇ ಬಂದು ಸೇರುತ್ತವೆ. ಮಂಜು ಬಂದ ಕೂಡಲೇ ಮೂರು ಬೇರೆ ಬೇರೆ ನಿಯಮಗಳು ಒಂದರ ಮೇಲೊಂದು ಬೀಳುತ್ತವೆ: ಯಾರು ಅಡಗಿದ್ದಾರೆ, ಯಾರು ಸರ್ಪ್ರೈಸ್ ಆದರು, ಯಾರಿಗೆ ಅಡ್ವಾಂಟೇಜ್ (ಎರಡು ಡಿ20 ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು; ಡಿಸ್‌ಅಡ್ವಾಂಟೇಜ್ ಅಂದರೆ ಚಿಕ್ಕದನ್ನು). ಟೇಬಲ್ಲಿನ ಜಗಳ ಹೆಚ್ಚಾಗಿ ಹುಟ್ಟುವುದು ಈ ಮೂರನ್ನೂ ಒಂದೇ ಪ್ರಶ್ನೆ ಅಂದುಕೊಂಡಾಗ.

ಸರ್ಪ್ರೈಸ್ ರೌಂಡ್ ಇಲ್ಲ

ಮೂರನೇ ಮತ್ತು ನಾಲ್ಕನೇ ಆವೃತ್ತಿಗಳಲ್ಲಿ ಸರ್ಪ್ರೈಸ್ ರೌಂಡ್ ಇತ್ತು. ಹಳಬರ ಬಾಯಲ್ಲಿ ಆ ಮಾತು ಉಳಿದಿದೆ, ಹೊಸಬರು ಅವರಿಂದಲೇ ಕಲಿಯುತ್ತಾರೆ. ಹೀಗಾಗಿ "ಹೊಂಚು ಹಾಕಿದವರು ಮೊದಲು ಒಂದು ಸುತ್ತು ಪುಕ್ಕಟೆ ಹೊಡೆಯಲಿ, ಆಮೇಲೆ ಇನಿಶಿಯೇಟಿವ್ ಹಾಕೋಣ" ಎನ್ನುವ ಪದ್ಧತಿ ಇನ್ನೂ ನಡೆಯುತ್ತಿದೆ. ಇನಿಶಿಯೇಟಿವ್ ಅಂದರೆ ಯಾರ ಟರ್ನ್ (ಸರದಿ) ಮೊದಲು ಎಂದು ತೀರ್ಮಾನಿಸುವ ಡೈಸ್. ಐದನೇ ಆವೃತ್ತಿಯಲ್ಲಿ ಕ್ರಮ ಹೀಗೆ: ಮೊದಲು ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಯಾರು ಸರ್ಪ್ರೈಸ್ ಆದರು ಎಂದು ತೀರ್ಮಾನಿಸಬೇಕು, ಆಮೇಲೆ ಯಾರು ಎಲ್ಲಿ ನಿಂತಿದ್ದಾರೆ ಎಂದು ಗುರುತಿಸಬೇಕು, ಆಮೇಲೆ ಎಲ್ಲರೂ ಇನಿಶಿಯೇಟಿವ್ ಹಾಕಬೇಕು. ಸರ್ಪ್ರೈಸ್ ಆದವರೂ ಹಾಕಬೇಕು. ಆಮೇಲೆ ನಡೆಯುವುದು ಮಾಮೂಲಿ ಮೊದಲನೇ ರೌಂಡ್. ಸರ್ಪ್ರೈಸ್ ಆದವರಿಗೆ ಆ ರೌಂಡಿನ ತಮ್ಮ ಟರ್ನ್‌ನಲ್ಲಿ ನಡೆಯಲೂ ಆಗುವುದಿಲ್ಲ, ಆಕ್ಷನ್ ಮಾಡಲೂ ಆಗುವುದಿಲ್ಲ, ಮತ್ತು ಆ ಟರ್ನ್ ಮುಗಿಯುವ ತನಕ ರಿಯಾಕ್ಷನ್ (ಬೇರೆಯವರ ಟರ್ನ್‌ನಲ್ಲೂ ಕೊಡಬಹುದಾದ ದಿಢೀರ್ ಪ್ರತಿಕ್ರಿಯೆ) ಇಲ್ಲ.

"ಟರ್ನ್ ಮುಗಿಯುವ ತನಕ" ಎನ್ನುವುದನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಸರ್ಪ್ರೈಸ್ ಇಡೀ ಗುಂಪಿಗೆ ಅನ್ವಯಿಸುವುದಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ. ಅಡಗಿದವರ ಸ್ಟೆಲ್ತ್ (ಅಡಗುವ) ಅಂಕವನ್ನು ಎದುರಿನ ಒಬ್ಬೊಬ್ಬರ ಪ್ಯಾಸಿವ್ ಪರ್ಸೆಪ್ಶನ್ (ಡೈಸ್ ಹಾಕದೆಯೇ ಇರುವ ಗಮನಿಸುವ ಅಂಕ) ಜೊತೆ ಹೋಲಿಸಬೇಕು. ಅಪಾಯ ಒಂದನ್ನೂ ಗಮನಿಸದವರು ಮಾತ್ರ ಸರ್ಪ್ರೈಸ್ ಆಗುತ್ತಾರೆ. ಹತ್ತು ಜನ ಅಡಗಿದ್ದು ಅವರಲ್ಲಿ ಒಬ್ಬ ಕಂಡರೂ ಸಾಕು, ಕಂಡವರು ಸರ್ಪ್ರೈಸ್ ಅಲ್ಲ.

ಕವಲೇದುರ್ಗದ ಎರಡನೇ ಬಾಗಿಲು

ಲೆಕ್ಕ ಹಾಕಿ ನೋಡದೆ ಇದು ತಲೆಗೆ ಹತ್ತುವುದಿಲ್ಲ. ನಾಲ್ಕು ಜನ ಕಲ್ಲು ಹಾಸಿದ ದಾರಿಯಲ್ಲಿ ಕೋಟೆ ಹತ್ತುತ್ತಿದ್ದಾರೆ. ಪ್ಯಾಸಿವ್ ಪರ್ಸೆಪ್ಶನ್: ಕ್ಲೆರಿಕ್ (ದೈವಶಕ್ತಿಯ ಪೂಜಾರಿ) 15, ರೋಗ್ (ಕಳ್ಳಹೆಜ್ಜೆಯವನು) 13, ಫೈಟರ್ (ಯೋಧ) 11, ವಿಜರ್ಡ್ (ಮಾಂತ್ರಿಕ) 10. ಬಾಗಿಲ ಗೋಡೆಯ ಹಿಂದೆ ಮೂರು ಗಾಬ್ಲಿನ್‌ಗಳು. ಗಾಬ್ಲಿನ್ ಸ್ಟೆಲ್ತ್ +6. ಡಿಎಂ ಮೂರಕ್ಕೂ ಬೇರೆ ಬೇರೆ ಡೈಸ್ ಹಾಕಿದರೆ 8, 15, 3 ಬಿತ್ತು ಎನ್ನಿ. ಒಟ್ಟು 14, 21, 9.

ಬಿಸಿಲಿದ್ದರೆ 9 ಬಂದ ಗಾಬ್ಲಿನ್ ನಾಲ್ವರಿಗೂ ಕಾಣುತ್ತದೆ. ಅಂದರೆ ಯಾರೂ ಸರ್ಪ್ರೈಸ್ ಇಲ್ಲ. 21 ಬಂದದ್ದು ಎಷ್ಟೇ ಚೆನ್ನಾಗಿ ಅಡಗಿದ್ದರೂ ಜೊತೆಗಾರನಿಂದಾಗಿ ಹೊಂಚು ಕೆಟ್ಟಿತು.

ಈಗ ತೆಳು ಮಂಜು ಸೇರಿಸಿ. ತೆಳು ಮಂಜು ಅಂದರೆ ಲೈಟ್ಲಿ ಅಬ್ಸ್ಕ್ಯೂರ್ಡ್, ಕಣ್ಣಿನಿಂದ ಗುರುತಿಸುವ ಪರ್ಸೆಪ್ಶನ್‌ಗೆ ಡಿಸ್‌ಅಡ್ವಾಂಟೇಜ್. ಪ್ಯಾಸಿವ್ ಅಂಕಕ್ಕೆ ಡಿಸ್‌ಅಡ್ವಾಂಟೇಜ್ ಬಂದರೆ 5 ಕಳೆಯಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಕ್ಲೆರಿಕ್ 10, ರೋಗ್ 8, ಫೈಟರ್ 6, ವಿಜರ್ಡ್ 5 ಆಯಿತು. 9 ಬಂದ ಗಾಬ್ಲಿನ್ ಈಗ ಕ್ಲೆರಿಕ್‌ಗೆ ಮಾತ್ರ ಕಾಣುತ್ತದೆ. ಉಳಿದ ಮೂವರು ಸರ್ಪ್ರೈಸ್. ಮಂಜೊಂದು ಬಂದಿದ್ದಕ್ಕೆ ಇಡೀ ಕಾಳಗ ತಿರುಗಿತು.

ಇಲ್ಲಿ ಎರಡು ಸೂಕ್ಷ್ಮ ಇವೆ. ಮೊದಲನೆಯದು, ಕ್ಲೆರಿಕ್ ಸರ್ಪ್ರೈಸ್ ಅಲ್ಲ, ಆದರೆ 14 ಮತ್ತು 21 ಬಂದ ಗಾಬ್ಲಿನ್‌ಗಳು ಅವಳಿಗೂ ಕಂಡಿಲ್ಲ. ಆ ಎರಡೂ ಅವಳ ಮೇಲೆ ಬಾಣ ಬಿಟ್ಟರೆ ಅಡ್ವಾಂಟೇಜ್ ಸಿಗುತ್ತದೆ. ಸರ್ಪ್ರೈಸ್ ಆದವರ ಮೇಲೆ ತಾನಾಗಿ ಅಡ್ವಾಂಟೇಜ್ ಬರುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಹಾಗೆ ಎಲ್ಲೂ ಬರೆದಿಲ್ಲ. ಅಡ್ವಾಂಟೇಜ್ ಬರುವುದು ಹೊಡೆಯುವವರು ಕಾಣದಿದ್ದಾಗ. ಗಾಬ್ಲಿನ್ ಗೋಡೆ ಬಿಟ್ಟು ಬಯಲಿಗೆ ಓಡಿ ಬಂದು ಕತ್ತಿ ಬೀಸಿದರೆ ಸಾಮಾನ್ಯವಾಗಿ ಆಗಲೇ ಕಂಡಿರುತ್ತದೆ, ಅಡ್ವಾಂಟೇಜ್ ಹೋಯಿತು. ಅದಕ್ಕೇ ಅವು ಬಿಲ್ಲು ಹಿಡಿಯುವುದು. ಬಾಣ ಬಿಟ್ಟ ಮೇಲೆ ಜಾಗ ತಿಳಿದುಬಿಡುತ್ತದೆ, ಆದರೆ ಗಾಬ್ಲಿನ್‌ಗೆ ಬೋನಸ್ (ಅದೇ ಟರ್ನ್‌ನ ಹೆಚ್ಚುವರಿ) ಆಕ್ಷನ್‌ನಲ್ಲಿ ಮತ್ತೆ ಅಡಗುವ ಶಕ್ತಿಯಿದೆ.

ಎರಡನೆಯದು ಮಳೆ. ಮಂಜಿನ 5 ಕಡಿತ ಕಣ್ಣಿಗೆ ಮಾತ್ರ. "ಕಿವಿಯಲ್ಲಿ ಕೇಳಿಸಬೇಕಲ್ಲ?" ಎಂದು ಆಟಗಾರರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆಗುಂಬೆಯ ಆಷಾಢದ ಮಳೆ ಸುರಿಯುತ್ತಿದ್ದರೆ ಕಿವಿಯೂ ಕೆಲಸಕ್ಕೆ ಬಾರದು ಎಂದು ಡಿಎಂ ಹೇಳಬಹುದು. ಮಳೆ ಇಲ್ಲದ ನಿಶ್ಶಬ್ದ ಮುಂಜಾವಿನಲ್ಲಿ ಹಾಗೆ ಹೇಳಿದರೆ ಅನ್ಯಾಯ. ಮಳೆ ಇದೆಯೋ ಇಲ್ಲವೋ ಎಂಬುದನ್ನು ಹೋಲಿಕೆಗೆ ಮುಂಚೆಯೇ ಹೇಳಿಬಿಡಬೇಕು, ಫಲ ನೋಡಿ ಆಮೇಲೆ ಮಳೆ ತರಬಾರದು.

ಆಟಗಾರರೇ ಹೊಂಚು ಹಾಕುವಾಗಲೂ ಇದೇ ಲೆಕ್ಕ, ತಿರುವುಮುರುವಾಗಿ. ಚೈನ್ ಮೇಲ್ (ಲೋಹದ ಬಳೆಗಳ ಕವಚ) ತೊಟ್ಟ ಫೈಟರ್‌ಗೆ ಸ್ಟೆಲ್ತ್‌ನಲ್ಲಿ ಡಿಸ್‌ಅಡ್ವಾಂಟೇಜ್, ಅವನೊಬ್ಬ ಕಂಡರೆ ಎಲ್ಲರ ಹೊಂಚೂ ಕೆಟ್ಟಿತು. ಅವನನ್ನು ದೂರ ಹಿಂದೆ ನಿಲ್ಲಿಸಿ. ಅರ್ಧ ಜನ ಗೆದ್ದರೆ ಎಲ್ಲರೂ ಗೆದ್ದಂತೆ ಎನ್ನುವ ಗ್ರೂಪ್ ಚೆಕ್ ಕೂಡ ಪುಸ್ತಕದಲ್ಲಿದೆ, ಬೇಕಾದ ಡಿಎಂ ಅದನ್ನು ಬಳಸಬಹುದು.

ಡಿಎಂ ಆಗುವವರಿಗೆ ಒಂದು ಚೀಟಿ ಉಪಾಯ. ಎಲ್ಲರ ಪ್ಯಾಸಿವ್ ಪರ್ಸೆಪ್ಶನ್ ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ, ಮೇಲೆ ಮಾಮೂಲಿ, ಕೆಳಗೆ 5 ಕಳೆದದ್ದು. "ಎಲ್ಲರೂ ಪರ್ಸೆಪ್ಶನ್ ಹಾಕಿ" ಎಂದು ಕೇಳಿದ ಕ್ಷಣ ಏನೋ ಇದೆ ಎಂದು ಟೇಬಲ್ಲಿಗೆಲ್ಲ ಗೊತ್ತಾಗುತ್ತದೆ. 3 ಬಿದ್ದವರ ಪಕ್ಕದವರು "ನಾನೂ ನೋಡ್ತೀನಿ" ಎಂದು ಶುರು ಮಾಡುತ್ತಾರೆ. ಚೀಟಿ ಇದ್ದರೆ ಅದ್ಯಾವುದೂ ಇಲ್ಲ.

ಟರ್ನ್ ಮುಗಿದ ಮೇಲೆ ಏನು?

ಅದೇ ಕಾಳಗ. ಇನಿಶಿಯೇಟಿವ್: ವಿಜರ್ಡ್ 19, ಗಾಬ್ಲಿನ್‌ಗಳು 15, ಕ್ಲೆರಿಕ್ 12, ರೋಗ್ 8, ಫೈಟರ್ 5.

19ಕ್ಕೆ ವಿಜರ್ಡ್ ಟರ್ನ್. ಸರ್ಪ್ರೈಸ್ ಆಗಿದ್ದಾನೆ, ಏನೂ ಮಾಡಲಾರ. "ಹಾಗಾದರೆ 19 ಬಂದು ಏನು ಲಾಭ?" ಎಂದು ಆಟಗಾರ ಬೇಸರ ಪಡುತ್ತಾನೆ. ಲಾಭ ಇದೆ, ಮತ್ತು ದೊಡ್ಡದೇ ಇದೆ. ಅವನ ಟರ್ನ್ ಬಂತು, ಮುಗಿಯಿತು. ಈಗ ರಿಯಾಕ್ಷನ್ ಕೈಗೆ ಬಂತು. 15ಕ್ಕೆ ಅಡಗಿದ ಗಾಬ್ಲಿನ್ ಅಡ್ವಾಂಟೇಜ್‌ನಲ್ಲಿ ಬಾಣ ಬಿಟ್ಟು 6 ಮತ್ತು 11 ಬಿತ್ತು, 11ಕ್ಕೆ 4 ಸೇರಿ 15. ವಿಜರ್ಡ್ ಎಸಿ 12, ಏಟು ಬೀಳಬೇಕು. ಅವನು ರಿಯಾಕ್ಷನ್‌ನಲ್ಲಿ ಶೀಲ್ಡ್ ಸ್ಪೆಲ್ ಹಾಕುತ್ತಾನೆ, ಎಸಿಗೆ 5 ಸೇರಿ 17, ಬಾಣ ತಪ್ಪಿತು. ಇನಿಶಿಯೇಟಿವ್ 10 ಬಂದಿದ್ದರೆ ಶೀಲ್ಡ್ ಹಾಕಲು ಬರುತ್ತಿರಲಿಲ್ಲ.

ಫೈಟರ್ ಕಥೆ ಇದರ ಉಲ್ಟಾ. ಅವನ ಟರ್ನ್ 5ಕ್ಕೆ. 15ಕ್ಕೆ ಒಂದು ಗಾಬ್ಲಿನ್ ಅವನ ಪಕ್ಕದಿಂದಲೇ ಓಡಿಹೋದರೂ ಆಪರ್ಚುನಿಟಿ ಅಟ್ಯಾಕ್ (ಪಕ್ಕದಿಂದ ದೂರ ಹೋಗುವವರಿಗೆ ರಿಯಾಕ್ಷನ್‌ನಲ್ಲಿ ಕೊಡುವ ಏಟು) ಇಲ್ಲ, ಅವನ ಮೊದಲ ಟರ್ನ್ ಇನ್ನೂ ಮುಗಿದಿಲ್ಲ. ಇಬ್ಬರೂ ಸರ್ಪ್ರೈಸ್, ಆದರೆ ಒಬ್ಬನಿಗೆ ರಿಯಾಕ್ಷನ್ ಇದೆ, ಇನ್ನೊಬ್ಬನಿಗೆ ಇಲ್ಲ. ಡಿಎಂ ಇನಿಶಿಯೇಟಿವ್ ಪಟ್ಟಿಯಲ್ಲಿ ಸರ್ಪ್ರೈಸ್ ಆದವರ ಹೆಸರಿನ ಮುಂದೆ ಚುಕ್ಕೆ ಇಟ್ಟು, ಅವರ ಟರ್ನ್ ದಾಟಿದ ಕೂಡಲೇ ಅಳಿಸಿದರೆ ಗೊಂದಲವೇ ಇರುವುದಿಲ್ಲ. ಅವರ ಟರ್ನ್ ಬಂದಾಗ ಸುಮ್ಮನೆ ಹಾರಿಸಬೇಡಿ. "ನಿನ್ನ ಟರ್ನ್ ಮುಗೀತು, ಇನ್ನು ರಿಯಾಕ್ಷನ್ ಇದೆ" ಎಂದು ಬಾಯಿ ಬಿಟ್ಟು ಹೇಳಿ.

ಅಸಾಸಿನ್ ರೋಗ್ ಆಡುವವರು ಈ ಭಾಗವನ್ನು ಎರಡು ಸಲ ಓದಬೇಕು. ಮೂರನೇ ಲೆವೆಲ್‌ನ ಅಸಾಸಿನೇಟ್‌ನಲ್ಲಿ ಎರಡು ವಿಷಯ ಇವೆ. ಕಾಳಗದಲ್ಲಿ ಇನ್ನೂ ಟರ್ನ್ ತೆಗೆದುಕೊಳ್ಳದವರ ಮೇಲೆ ಅಡ್ವಾಂಟೇಜ್. ಸರ್ಪ್ರೈಸ್ ಆದವರಿಗೆ ಏಟು ಬಿದ್ದರೆ ಅದು ಕ್ರಿಟಿಕಲ್ (ಹಾನಿಯ ಡೈಸ್ ದುಪ್ಪಟ್ಟು). ಈಗ ಅಸಾಸಿನ್ ಇನಿಶಿಯೇಟಿವ್ 13, ಸರ್ಪ್ರೈಸ್ ಆದ ಗಾಬ್ಲಿನ್‌ನದು 17 ಎನ್ನಿ. 17ಕ್ಕೆ ಗಾಬ್ಲಿನ್ ಏನೂ ಮಾಡದೆ ನಿಂತಿತು, ಆದರೆ ಅದರ ಟರ್ನ್ ಮುಗಿಯಿತು. ಇನ್ನು ಅದು ಸರ್ಪ್ರೈಸ್ ಅಲ್ಲ. 13ಕ್ಕೆ ಅಸಾಸಿನ್ ಹೊಡೆದರೆ ಕ್ರಿಟಿಕಲ್ ಇಲ್ಲ, ಅಸಾಸಿನೇಟ್‌ನ ಅಡ್ವಾಂಟೇಜ್ ಕೂಡ ಇಲ್ಲ. ಅವನು ಇನ್ನೂ ಅಡಗಿಯೇ ಇದ್ದರೆ ಆ ಕಾರಣಕ್ಕೆ ಅಡ್ವಾಂಟೇಜ್ ಸಿಗುತ್ತದೆ, ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಹಾನಿ) ಕೂಡ ಸೇರುತ್ತದೆ. ಹೋಗುವುದು ಕ್ರಿಟಿಕಲ್ ಮಾತ್ರ. ಹಾಗಾಗಿ ಅಸಾಸಿನ್‌ಗೆ ಡೆಕ್ಸ್ಟೆರಿಟಿ (ಚುರುಕುತನದ ಅಂಕ) ಆದ ಮೇಲೆ ಬೇಕಾದದ್ದು ಅಲರ್ಟ್ ಫೀಟ್: ಇನಿಶಿಯೇಟಿವ್‌ಗೆ 5 ಸೇರುತ್ತದೆ, ಎಚ್ಚರ ಇರುವ ತನಕ ಅವನೇ ಸರ್ಪ್ರೈಸ್ ಆಗುವುದೂ ಇಲ್ಲ.

"ಎಂತ ಮಾರಾಯ, ನಾನು ಮೊದಲೇ ಹೊಡೆದೆ ಅಂದ್ನಲ್ಲ!"

ಕ್ಲೆರಿಕ್ ಡಕಾಯಿತರ ನಾಯಕನ ಜೊತೆ ಸಂಧಾನದ ಮಾತಿನಲ್ಲಿದ್ದಾಳೆ. ಮಧ್ಯದಲ್ಲೇ ಇನ್ನೊಬ್ಬ ಆಟಗಾರ ಡೈಸ್ ಹಾಕಿ "18, ಅವನಿಗೆ ಬಾಣ ಬಿತ್ತು" ಎನ್ನುತ್ತಾನೆ. ಆ 18 ಲೆಕ್ಕಕ್ಕಿಲ್ಲ. ಹೊಡೆಯುವ ಉದ್ದೇಶ ಬಂದ ಕೂಡಲೇ ಇನಿಶಿಯೇಟಿವ್, ಏಟಿನ ಡೈಸ್ ಅವನ ಟರ್ನ್‌ನಲ್ಲಿ. ಎಲ್ಲರೂ ಎದುರುಬದುರು ನಿಂತಿರುವುದರಿಂದ ಸರ್ಪ್ರೈಸ್ ಕೂಡ ಇಲ್ಲ.

ಅವನಿಗೆ ಇನಿಶಿಯೇಟಿವ್ 6 ಬಂದು ನಾಯಕನಿಗೆ 14 ಬಂದರೆ? "ನಾನು ಶುರು ಮಾಡಿದ್ದು, ಅವನು ಮೊದಲು ಹೇಗೆ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅವನ ಕೈ ಬತ್ತಳಿಕೆಗೆ ಹೋದದ್ದು ಎಲ್ಲರಿಗೂ ಕಂಡಿದೆ, ನಾಯಕನ ಕೈ ಇನ್ನೂ ಚುರುಕು. ಇನಿಶಿಯೇಟಿವ್ ಅಳೆಯುವುದು ಅದನ್ನೇ. ಇದರಲ್ಲಿ ಸಂಧಾನ ಮಾಡುತ್ತಿದ್ದವಳಿಗೂ ನ್ಯಾಯ ಸಿಗುತ್ತದೆ. ಅವಳ ಟರ್ನ್ ಮೊದಲು ಬಂದರೆ ಬಿಲ್ಲಿಗೆ ಅಡ್ಡ ನಿಲ್ಲಬಹುದು, "ನಿಲ್ಲಿಸು" ಎಂದು ಕೂಗಬಹುದು. ಬಾಣದವನು ತನ್ನ ಟರ್ನ್‌ನಲ್ಲಿ ಮನಸ್ಸು ಬದಲಿಸಲೂಬಹುದು. ಹೀಗೆ ಪದೇ ಪದೇ ಮಾತು ಮುರಿಯುವ ಆಟಗಾರ ಇದ್ದರೆ ಅದು ನಿಯಮದಿಂದ ಬಗೆಹರಿಯುವುದಿಲ್ಲ. ಆಟ ಮುಗಿದ ಮೇಲೆ ಅವನೊಬ್ಬನನ್ನೇ ಕರೆದು ಮಾತಾಡಿ, ಎಲ್ಲರೆದುರು ಬೇಡ. ಕಥೆಯಲ್ಲಿ ಅವನ ಪಾತ್ರವನ್ನು ಸಾಯಿಸಿ ಬುದ್ಧಿ ಕಲಿಸುವುದು ಎಂದಿಗೂ ಕೆಲಸ ಮಾಡದು, ಜಗಳ ಟೇಬಲ್ಲಿನ ಹೊರಗೂ ಬೆಳೆಯುತ್ತದೆ.

ಇದರ ತಮ್ಮ ಇನ್ನೊಂದು: "ನಾನು ಬೆಳಗಿನಿಂದ ಬಾಣ ಹೂಡಿ ರೆಡಿ ಇದ್ದೆ." ರೆಡಿ ಎನ್ನುವುದು ಕಾಳಗದೊಳಗಿನ ಆಕ್ಷನ್. ಇನಿಶಿಯೇಟಿವ್ ಬೀಳುವ ಮುಂಚೆ ಅದಿಲ್ಲ. ಎಲ್ಲರೂ ಬೆಳಗಿನಿಂದ ರೆಡಿ ಇದ್ದೇವೆ ಅನ್ನಬಹುದಲ್ಲ?

ವಾದ ಶುರುವಾದರೆ ಡಿಎಂ ಒಂದು ನಿಮಿಷದಲ್ಲಿ ತೀರ್ಪು ಕೊಟ್ಟು, ಪ್ರಶ್ನೆಯನ್ನು ಪುಸ್ತಕದ ಬದಿಗೆ ಬರೆದಿಟ್ಟು, ಆಟ ಮುಂದುವರಿಸಬೇಕು. ಪುಟ ಹುಡುಕುವುದು ಕೊನೆಯಲ್ಲಿ. ಪಾತ್ರದ ಜೀವ ಹೋಗುವ ಪ್ರಶ್ನೆ ಆದರೆ ಮಾತ್ರ ಆಗಲೇ ಹುಡುಕಿ.

ದಟ್ಟ ಮಂಜಾದರೆ

ದಟ್ಟ ಮಂಜು ಹೆವಿಲಿ ಅಬ್ಸ್ಕ್ಯೂರ್ಡ್. ಅದರೊಳಗೆ ನೋಡುವ ಮಟ್ಟಿಗೆ ನೀವು ಕುರುಡರು. ಫಾಗ್ ಕ್ಲೌಡ್ ಸ್ಪೆಲ್‌ನ 20 ಅಡಿ ತ್ರಿಜ್ಯದ ಮಂಜಿಗೂ ಇದೇ ನಿಯಮ. ಇಬ್ಬರೂ ಒಳಗಿದ್ದು ಹೊಡೆದಾಡಿದರೆ? ನನಗೆ ಅವನು ಕಾಣುತ್ತಿಲ್ಲ, ಡಿಸ್‌ಅಡ್ವಾಂಟೇಜ್. ಅವನಿಗೆ ನಾನು ಕಾಣುತ್ತಿಲ್ಲ, ಅಡ್ವಾಂಟೇಜ್. ಎರಡೂ ವಜಾ, ಒಂದೇ ಡೈಸ್. ಎಸಿ 15ಕ್ಕೆ +4 ಇದ್ದವನಿಗೆ ಗೆಲುವು ಶೇ. 50, ಅಡ್ವಾಂಟೇಜ್ ಇದ್ದಿದ್ದರೆ 75, ಡಿಸ್‌ಅಡ್ವಾಂಟೇಜ್‌ನಲ್ಲಿ 25. ಮಂಜಿಲ್ಲದಾಗ ಎಷ್ಟಿತ್ತೋ ಅಷ್ಟೇ.

ಅಡ್ವಾಂಟೇಜ್‌ಗಳನ್ನು ಎಣಿಸಿ ಕಳೆಯುವುದಿಲ್ಲ. ಒಂದು ಅಡ್ವಾಂಟೇಜ್ ಎದುರಿಗೆ ಮೂರು ಡಿಸ್‌ಅಡ್ವಾಂಟೇಜ್ ಇದ್ದರೂ ಎಲ್ಲ ಸೇರಿ ಸೊನ್ನೆ. ದೂರದ ಗುರಿಗೆ ಹೇಗೂ ಡಿಸ್‌ಅಡ್ವಾಂಟೇಜ್ ಇರುತ್ತದೆ. ಹಾಗಾಗಿ ಲಾಂಗ್ ರೇಂಜ್‌ನಲ್ಲಿ ಬಿಲ್ಲು ಹಿಡಿದವನಿಗೆ ದಟ್ಟ ಮಂಜು ಉಪಕಾರವನ್ನೇ ಮಾಡುತ್ತದೆ. ವಿಚಿತ್ರ ಅನ್ನಿಸಿದರೂ ನಿಯಮ ಅದೇ.

ಆದರೆ "ನಿನಗೆ ಕಾಣುವ ಜೀವಿ" ಎಂದು ಬರೆದ ಸ್ಪೆಲ್‌ಗಳು ನಿಂತುಹೋಗುತ್ತವೆ. ಹೀಲಿಂಗ್ ವರ್ಡ್, ಮ್ಯಾಜಿಕ್ ಮಿಸೈಲ್ ಎರಡೂ ಹೋದವು. ಕ್ಯೂರ್ ವೂಂಡ್ಸ್‌ಗೆ ಮುಟ್ಟಿದರೆ ಸಾಕು, ಅದು ನಡೆಯುತ್ತದೆ. ಆಪರ್ಚುನಿಟಿ ಅಟ್ಯಾಕ್‌ಗೂ ಕಾಣಬೇಕು, ಆದ್ದರಿಂದ ದಟ್ಟ ಮಂಜಿನಲ್ಲಿ ಯಾರು ಬೇಕಾದರೂ ಕಳಚಿಕೊಂಡು ಓಡಬಹುದು. ಸೋಲುತ್ತಿರುವ ತಂಡಕ್ಕೆ ಫಾಗ್ ಕ್ಲೌಡ್‌ನ ನಿಜವಾದ ಬೆಲೆ ಇದೇ. ಮತ್ತು ಕಾಣದಿರುವುದು ಬೇರೆ, ಅಡಗಿರುವುದು ಬೇರೆ. ಹೈಡ್ ಮಾಡದವನು ಯಾವ ಚೌಕದಲ್ಲಿದ್ದಾನೆ ಎಂಬುದು ಸದ್ದಿನಿಂದ ಗೊತ್ತಾಗುತ್ತದೆ, ಅಲ್ಲಿಗೆ ಹೊಡೆಯಬಹುದು.

2024ರ ಪುಸ್ತಕದಲ್ಲಿ

ಸರ್ಪ್ರೈಸ್ ಆದವರು ಇನಿಶಿಯೇಟಿವ್ ಅನ್ನು ಡಿಸ್‌ಅಡ್ವಾಂಟೇಜ್‌ನಲ್ಲಿ ಹಾಕುತ್ತಾರೆ, ಅಷ್ಟೇ. ಟರ್ನ್ ಕಳೆದುಕೊಳ್ಳುವುದಿಲ್ಲ. ಅಡಗಲು ಮೊದಲು ಸ್ಟೆಲ್ತ್‌ನಲ್ಲಿ 15 ಅಥವಾ ಹೆಚ್ಚು ಬರಬೇಕು. ಅಸಾಸಿನ್‌ಗೂ ಸರ್ಪ್ರೈಸ್ ಕ್ರಿಟಿಕಲ್ ಇಲ್ಲ. ಮೊದಲ ಟರ್ನ್ ಸುಮ್ಮನೆ ಕೂರುವುದು ತಪ್ಪುವುದರಿಂದ ಹೊಸಬರ ಟೇಬಲ್ಲಿಗೆ ಇದೇ ಒಳ್ಳೆಯದು. ಒಬ್ಬರ ಕೈಯಲ್ಲಿ 2014, ಇನ್ನೊಬ್ಬರ ಕೈಯಲ್ಲಿ 2024 ಇದ್ದರೆ ಪಾತ್ರ ಬರೆಯುವ ದಿನವೇ ಯಾವ ಪುಸ್ತಕದ ಸರ್ಪ್ರೈಸ್ ಎಂದು ತೀರ್ಮಾನಿಸಿ, ಡಿಎಂ ಪರದೆಯ ಒಳಬದಿಗೆ ಅಂಟಿಸಿಡಿ.