ಚಳಿ ಕಂಡ ಮೇಲೇ ಒಡೆಯುವ ಮೊಟ್ಟೆ: ರೇಷ್ಮೆ ಹುಳುವಿನ ಸುಪ್ತಾವಸ್ಥೆಯ ಹಿನ್ನೆಲೆ

ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಚಿಟ್ಟೆಗಳು ಮೊಟ್ಟೆಯಿಟ್ಟ ಹಾಳೆಗಳನ್ನು ಮೂರ್ನಾಲ್ಕು ದಿನ ಬಿಟ್ಟು ನೋಡಿದರೆ ಎರಡು ಬಗೆಯ ಮೊಟ್ಟೆಗಳು ಬರಿಗಣ್ಣಿಗೇ ತಿಳಿಯುತ್ತವೆ. ಮೈಸೂರು ತಳಿಯ ಮೊಟ್ಟೆ ಇಟ್ಟಾಗ ಇದ್ದ ಹಾಗೆಯೇ ತಿಳಿಹಳದಿ. ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿಯ ಮೊಟ್ಟೆಯೂ ಮೊದಲು ಹಳದಿಯೇ. ಆಮೇಲೆ ಕೆಂಪು ಛಾಯೆಗೆ ತಿರುಗಿ ಕೊನೆಗೆ ಬೂದುಗಂದಾಗುತ್ತದೆ. ಹಳದಿ ಮೊಟ್ಟೆ ಸುಮಾರು ಹತ್ತು ದಿನಕ್ಕೆ ಒಡೆದು ಮರಿ ಹೊರಬರುತ್ತದೆ. ಬೂದು ಮೊಟ್ಟೆಯೊಳಗಿನ ಭ್ರೂಣ ಎರಡನೇ ದಿನದ ಹೊತ್ತಿಗೇ ಬೆಳವಣಿಗೆ ನಿಲ್ಲಿಸಿರುತ್ತದೆ. ಎಷ್ಟು ಬೆಚ್ಚಗಿಟ್ಟರೂ ತಿಂಗಳುಗಟ್ಟಲೆ ಅದು ಕದಲುವುದಿಲ್ಲ.

ಬೆಚ್ಚಗಿಟ್ಟಷ್ಟೂ ಕದಲುವುದಿಲ್ಲ ಎಂಬುದೇ ಇಲ್ಲಿಯ ವಿಶೇಷ. 1869ರಲ್ಲಿ ಫ್ರಾನ್ಸಿನ ಎಮಿಲ್ ಡ್ಯೂಕ್ಲೋ, ಲೂಯಿ ಪಾಶ್ಚರನ ಶಿಷ್ಯ, ಈ ಮೊಟ್ಟೆಗಳಿಗೆ ಚಳಿಗಾಲ ಬರೀ ಸಹಿಸಬೇಕಾದ ಕಷ್ಟವಲ್ಲ, ಅದು ಅವಕ್ಕೆ ಬೇಕೇ ಬೇಕು ಎಂದು ತೋರಿಸಿದ. ಚಳಿ ತಾಗದ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ. ಚಳಿಗೆ ಮರಗಟ್ಟಿ, ಬಿಸಿಲು ಬಂದೊಡನೆ ಚೇತರಿಸಿಕೊಳ್ಳುವ ಕೀಟಗಳೂ ಇವೆ. ಅದು ಬೇರೆ ಮಾತು. ಇಲ್ಲಿ ಕಷ್ಟಕಾಲ ಬರುವ ಮೊದಲೇ, ಹವೆ ಹಿತವಾಗಿರುವಾಗಲೇ ಭ್ರೂಣ ನಿಂತುಬಿಡುತ್ತದೆ. ಇದನ್ನೇ ಕೀಟಶಾಸ್ತ್ರಜ್ಞರು ಡಯಾಪಾಸ್ ಎನ್ನುತ್ತಾರೆ. ಈ ಪದವನ್ನು 1893ರಲ್ಲಿ ಅಮೆರಿಕದ ವಿಲಿಯಂ ಮಾರ್ಟನ್ ವ್ಹೀಲರ್ ಮಿಡತೆಯ ಭ್ರೂಣದ ಒಂದು ಹಂತಕ್ಕೆ ಬಳಸಿದ್ದ.

ಚಳಿ ಬರಲಿದೆ ಎಂದು ಭ್ರೂಣಕ್ಕೆ ಯಾರು ಹೇಳುತ್ತಾರೆ? ಉತ್ತರ ಸಿಕ್ಕಿದ್ದು ಜಪಾನಿನಲ್ಲಿ. ಮೊಟ್ಟೆಗಳನ್ನು 25 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ದೀರ್ಘ ಬೆಳಕಿನಲ್ಲಿ ಕಾವು ಕೊಟ್ಟು ಮರಿ ಮಾಡಿಸಿದರೆ, ಅವು ಬೆಳೆದು ಚಿಟ್ಟೆಗಳಾಗಿ ಇಡುವ ಮೊಟ್ಟೆಗಳು ಮಲಗುತ್ತವೆ, ಎಂದರೆ ಡಯಾಪಾಸಿಗೆ ಹೋಗುತ್ತವೆ. 15 ಡಿಗ್ರಿ ಮತ್ತು ಕತ್ತಲೆಯಲ್ಲಿ ಮಾಡಿಸಿದರೆ ಮಲಗುವುದಿಲ್ಲ ಎಂದು ಕೊಗುರೆ 1933ರಲ್ಲಿ ವಿವರವಾಗಿ ದಾಖಲಿಸಿದರು. ಅಂದರೆ ಮಗು ಮಲಗಬೇಕೋ ಬೇಡವೋ ಎನ್ನುವುದು ತಾಯಿ ತಾನೇ ಇನ್ನೂ ಮೊಟ್ಟೆಯೊಳಗಿರುವಾಗ ತೀರ್ಮಾನವಾಗಿರುತ್ತದೆ! ಕೀಟಲೋಕದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ನನಗಂತೂ ಗೊತ್ತಿಲ್ಲ. ವಸಂತದ ತಂಪಿನಲ್ಲಿ ಕಣ್ಣುಬಿಟ್ಟ ಪೀಳಿಗೆ ಮಲಗದ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಹುಟ್ಟಿದ ಅದರ ಮಕ್ಕಳು ಮಲಗುವ ಮೊಟ್ಟೆ ಇಡುತ್ತವೆ. ವರ್ಷಕ್ಕೆ ಎರಡೇ ಪೀಳಿಗೆ, ಅದಕ್ಕೇ ದ್ವಿತಳಿ.

ಆ ಸುದ್ದಿಯನ್ನು ಒಯ್ಯುವುದು ಒಂದು ಹಾರ್ಮೋನು. ತಾಯಿ ಕೋಶಾವಸ್ಥೆಯಲ್ಲಿರುವಾಗ ಅನ್ನನಾಳದ ಕೆಳಗಿನ ನರಗಂಟಿನಿಂದ ಅದು ಸ್ರವಿಸಿ, ಬೆಳೆಯುತ್ತಿರುವ ಮೊಟ್ಟೆಗಳನ್ನು ಸೇರುತ್ತದೆ. 1951ರ ಸುಮಾರಿಗೆ ಫುಕುದಾ ಮತ್ತು ಹಸೆಗಾವಾ ಇದನ್ನು ಬೇರೆಬೇರೆಯಾಗಿ ಕಂಡುಕೊಂಡರು. ಆ ನರಗಂಟನ್ನು ತೆಗೆದು, ಮಲಗದ ಮೊಟ್ಟೆ ಇಡಬೇಕಿದ್ದ ಹೆಣ್ಣುಕೋಶಕ್ಕೆ ನಾಟಿ ಮಾಡಿದರೆ ಅದೂ ಬೂದು ಮೊಟ್ಟೆಗಳನ್ನೇ ಇಟ್ಟಿತು. 24 ಅಮೈನೋ ಆಮ್ಲಗಳ ಆ ಹಾರ್ಮೋನಿನ ಪೂರ್ಣ ರಚನೆ ಗೊತ್ತಾಗಿದ್ದು 1991ರಲ್ಲಿ. ಮಲಗಿದ ಮೊಟ್ಟೆಯೊಳಗೆ ಗ್ಲೈಕೋಜನ್ ಎಂಬ ಕೂಡಿಟ್ಟ ಪಿಷ್ಟದಂಥ ಆಹಾರ ಕರಗಿ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗುತ್ತದೆ. ಸುಮಾರು 5 ಡಿಗ್ರಿ ತಂಪಿನಲ್ಲಿ ತಿಂಗಳುಗಳನ್ನು ಕಳೆದ ಮೇಲೆ ಮತ್ತೆ ಗ್ಲೈಕೋಜನ್ನಿಗೆ ಮರಳುತ್ತದೆ. ಆಗ ಶಾಖ ಕೊಟ್ಟರೆ ಭ್ರೂಣ ಬೆಳೆಯತೊಡಗುತ್ತದೆ.

ಕೀಟ ನಿದ್ದೆ ಹೋಗುವುದು ಚಳಿಗಷ್ಟೇ ಅಲ್ಲ. ಪಾವಗಡ, ಚಳ್ಳಕೆರೆ ಕಡೆಯ ಶೇಂಗಾ ರೈತರಿಗೆ ಗೊತ್ತಿರುವ ಕೆಂಪು ಕಂಬಳಿಹುಳು ಬದುಗಳಲ್ಲಿ, ಮರದ ನೆರಳಿನ ಮಣ್ಣಿನಲ್ಲಿ ಕೋಶವಾಗಿ ಒಣಗಾಲವನ್ನು ಕಳೆದು, ಹದವಾದ ಮಳೆ ಬಿದ್ದ ಮೇಲೆ ಸಂಜೆ ಹೊತ್ತು ಚಿಟ್ಟೆಯಾಗಿ ಏಳುತ್ತದೆ.

ಟಿಪ್ಪು ಸುಲ್ತಾನನ ಕಾಲದಿಂದ ಬೇರೂರಿದ ನಮ್ಮ ರೇಷ್ಮೆ ಕೃಷಿಗೆ ಆಧಾರವಾಗಿದ್ದ ಮೈಸೂರು ತಳಿಗೆ ಇಂಥ ನಿದ್ದೆಯೇ ಇಲ್ಲ. ವರ್ಷವಿಡೀ ಹಿಪ್ಪುನೇರಳೆ ಸೊಪ್ಪು ಸಿಗುವ ಊರಲ್ಲಿ ಮಲಗುವ ಅಗತ್ಯವೂ ಇರಲಿಲ್ಲ. ಬೆಳೆ ಮೇಲೆ ಬೆಳೆ ತೆಗೆಯಬಹುದಿತ್ತು, ಆದರೆ ಗೂಡಿನ ನೂಲು ಗಿಡ್ಡ. ಉದ್ದ ನೂಲಿನ ದ್ವಿತಳಿ ಬೇಕೆಂದರೆ ಅದರ ನಿದ್ದೆಯೂ ಜೊತೆಗೇ ಬರುತ್ತದೆ. ನಮ್ಮಲ್ಲಿ ಮೊಟ್ಟೆಯನ್ನು ಮೈ ಕೊರೆಯುವ ಚಳಿಗೆ ಒಡ್ಡಲು ಕಾಡು ಬೆಟ್ಟಗಳಿಗೆ ಹೋಗಬೇಕಿಲ್ಲ, ಆಮ್ಲವಿದೆ. ಮೊಟ್ಟೆಯಿಟ್ಟು ಸುಮಾರು 20 ಗಂಟೆಯಾದ ಮೇಲೆ, 1.075 ಸಾಪೇಕ್ಷ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲವನ್ನು 46 ಡಿಗ್ರಿಗೆ ಕಾಯಿಸಿ, ಅದರಲ್ಲಿ ಐದು ನಿಮಿಷದಷ್ಟು ಅದ್ದಿ, ಆಮ್ಲದ ಅಂಶ ಹೋಗುವವರೆಗೆ ನೀರಲ್ಲಿ ತೊಳೆಯುತ್ತಾರೆ. ಮೊಟ್ಟೆ ಮಲಗುವುದೇ ಇಲ್ಲ. ತಡವಾಗಿ ಬೇಕಾದ ಮೊಟ್ಟೆಗಳನ್ನು ಶೈತ್ಯಾಗಾರದಲ್ಲಿ ನಾಲ್ಕು, ಆರು, ಹತ್ತು ತಿಂಗಳ ಲೆಕ್ಕದಲ್ಲಿ ಇಟ್ಟು, ಚಾಕಿ ಕಟ್ಟುವ, ಎಂದರೆ ಎಳೆಮರಿಗಳ ಸಾಕಣೆ ಶುರುಮಾಡುವ ಸಮಯಕ್ಕೆ ತೆಗೆಯುತ್ತಾರೆ.

ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್2 ದ್ವಿತಳಿಯ ಗಂಡನ್ನು ಕೂಡಿಸಿದ ಮಿಶ್ರತಳಿಗೆ ಈ ತಾಪತ್ರಯವಿಲ್ಲ. ತೀರ್ಮಾನ ತಾಯಿಯದಾದ್ದರಿಂದ ಆಮ್ಲವೂ ಬೇಡ, ಶೈತ್ಯಾಗಾರವೂ ಬೇಡ. ಮೊಟ್ಟೆ ತಾನಾಗಿ ಒಡೆಯುತ್ತದೆ. ಗಂಡು ಹೆಣ್ಣು ಅದಲುಬದಲಾದರೆ ಮೊಟ್ಟೆ ಮಲಗಿಬಿಡುತ್ತದೆ. ಮಾಗಡಿ, ಕುಣಿಗಲ್ ಸುತ್ತಿನ ಮೈಸೂರು ತಳಿ ಬಿತ್ತನೆ ಗೂಡು ಬೆಳೆಗಾರರನ್ನು ಹಳೆಯ ಕಾಲದವರೆಂದು ಬದಿಗೆ ಸರಿಸಬಾರದು ಎನ್ನುವುದು ಅದಕ್ಕೇ. ಅವರು ಸಾಕುತ್ತಿರುವ ಹೆಣ್ಣುಚಿಟ್ಟೆಯನ್ನು ಕಳೆದುಕೊಂಡರೆ, ವಿದ್ಯುತ್ತಿನ ಹಂಗಿಲ್ಲದೆ ಮೊಟ್ಟೆ ಮಾಡುವ ದಾರಿ ಸಣ್ಣ ಕೋಠಿಗಳಿಗೆ ಅಷ್ಟರಮಟ್ಟಿಗೆ ಕಿರಿದಾಗುತ್ತದೆ.